ಗೋಡೆಯ ಮೇಲೆ ಎಲ್ಲರೂ ಆರೋಗ್ಯವಾಗಿದ್ದರು

ಸಾಂಬ್ರಾಣಿ ಹೊಗೆಯ ವಾಸನೆ ಬಂದರೆ ಹೆಚ್ಚಿನವರಿಗೆ ದೇವರ ಮನೆ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಕಳೆದ ಭಾನುವಾರ ಇಟ್ಟಮಡುವಿನ ಚಿಕ್ಕಮ್ಮನ ಮನೆಗೆ ಊಟಕ್ಕೆ ಹೋದಾಗ ಎದುರು ಮನೆಯ ಕಿಟಕಿಯಿಂದ ಆ ಹೊಗೆ ರಸ್ತೆಗೆ ಬರುತ್ತಿತ್ತು. ಜೊತೆಗೆ ಹುರಿದ ಬೆಳ್ಳುಳ್ಳಿ, ಓಮದ ವಾಸನೆ. ಒಳಗೆ ಬಾಣಂತಿ ಇದ್ದಾಳೆ, ಈಗಷ್ಟೇ ಎರೆದು ಅವಳ ತಲೆ ಒಣಗಿಸುತ್ತಿದ್ದಾರೆ ಎಂದು ಯಾರನ್ನೂ ಕೇಳದೆ ತಿಳಿಯಿತು. ಗೇಟಿನ ಹತ್ತಿರ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ಪೂರ್ತಿಯಾಗಿ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಅದಕ್ಕೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಏನನ್ನಾದರೂ ತಂದು ತುಂಬಿಬಿಡುತ್ತದೆ. ಆದ್ದರಿಂದ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಇಲ್ಲಿ ಬರೆಯುತ್ತೇನೆ. ಆ ಮಳೆಗಾಲದ ಜಗಳವೆಲ್ಲ ಅದೊಂದು ಪದಕ್ಕಾಗಿಯೇ ನಡೆದದ್ದು.

ಆಗ ನಾನು ಜೆ.ಪಿ. ನಗರದ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕೆಳಗೆ ಕನ್ನಡಕದ ಅಂಗಡಿ, ಮೇಲಿನ ಮಹಡಿಯಲ್ಲಿ ನಾವು. ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿ, ಕಾಲೇಜಿನಿಂದ ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಅಲೆದ ನನ್ನನ್ನು ತರ್ಕಶಾಸ್ತ್ರ ಬರುತ್ತದೆ ಎಂಬ ಕಾರಣಕ್ಕೆ ಕರೆದು ಕೆಲಸ ಕೊಟ್ಟ ಮೊದಲ ಜಾಗ ಅದು. ಬನಶಂಕರಿ ಕಡೆಯ ಒಂದು ಹೆರಿಗೆ ಆಸ್ಪತ್ರೆಗೆ ನಾವು ಒಂದು ವ್ಯವಸ್ಥೆ ಕಟ್ಟುತ್ತಿದ್ದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಹೆರಿಗೆಯಾಗಿ ಮನೆಗೆ ಹೋದ ಹೆಂಗಸರಿಗೆ ದಿನಾ ಬೆಳಿಗ್ಗೆ ನರ್ಸ್ ಫೋನ್ ಮಾಡಿ ಪ್ರಶ್ನೆಗಳನ್ನು ಕೇಳಬೇಕು. ಜ್ವರ ಇದೆಯೇ, ರಕ್ತಸ್ರಾವ ಹೆಚ್ಚಾಗಿದೆಯೇ, ತಲೆ ಸುತ್ತುತ್ತದೆಯೇ. ಉತ್ತರಗಳನ್ನು ನೋಡಿ ಕಂಪ್ಯೂಟರ್ ತೀರ್ಮಾನ ಮಾಡುತ್ತದೆ. ಹಸಿರು ಎಂದರೆ ಚೆನ್ನಾಗಿದ್ದಾಳೆ. ಹಳದಿ ಎಂದರೆ ನರ್ಸ್ ಮನೆಗೆ ಹೋಗಿ ನೋಡಬೇಕು. ಕೆಂಪು ಎಂದರೆ ತಕ್ಷಣ ಆಸ್ಪತ್ರೆಗೆ ಕರೆಸಬೇಕು. ಪ್ರತಿ ಬಾಣಂತಿಗೂ ಒಂದು ಸಾಲು. ಆ ಸಾಲುಗಳೆಲ್ಲ ನಮ್ಮ ಆಫೀಸಿನ ಗೋಡೆಯ ಮೇಲಿದ್ದ ದೊಡ್ಡ ಪರದೆಯಲ್ಲಿ ಬೆಳಗುತ್ತಿದ್ದವು.

ಮನುಷ್ಯರಿಗೆ ಗೊತ್ತಿರುವುದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಬಿಡಿಸಿ ಇಡುವುದು ನನ್ನ ಕೆಲಸ. ಯಾವುದು ಯಾವ ಬಗೆಯದು, ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ, ಇದು ಇದ್ದರೆ ಏನೆಂದು ತಿಳಿಯಬೇಕು. ಕೇಳಲು ಸುಲಭ. ಮೊದಲ ವಾರವೇ ಕಂಪನಿಯ ಯಜಮಾನ ನಿರಂಜನ್ ಬಂದು, "ಮೇಡಂ, ಬಾಣಂತೀನ ಎಲ್ಲಿ ಇಡೋಣ? ರೋಗಿ ಕೆಳಗಾ?" ಎಂದು ಕೇಳಿದರು.

"ಬಾಣಂತಿ ರೋಗಿ ಅಲ್ಲ ಸರ್."

"ಮತ್ತೆ ಆಸ್ಪತ್ರೆ ಲಿಸ್ಟಲ್ಲಿ ಯಾಕಿದಾಳೆ?"

"ಲಿಸ್ಟಲ್ಲಿ ಕ್ಯಾಂಟೀನ್ ಭಟ್ರೂ ಇದಾರಲ್ಲ."

ನಿರಂಜನ್ ನಕ್ಕರು. ನನಗಿಂತ ಚಿಕ್ಕವರು, ನಗು ಚೆನ್ನಾಗಿತ್ತು. "ಸದ್ಯಕ್ಕೆ ರೋಗಿ ಅಂತ ಇಟ್ಬಿಡಿ, ಆಮೇಲೆ ನೋಡೋಣ" ಎಂದರು. ಆಮೇಲೆ ಯಾರೂ ನೋಡಲಿಲ್ಲ.

ಆಸ್ಪತ್ರೆಯ ದೊಡ್ಡ ಡಾಕ್ಟರನ್ನು ಮಾತಾಡಿಸಿ ನಿಯಮಗಳನ್ನು ಬರೆದುಕೊಳ್ಳಲು ಹೋಗುತ್ತಿದ್ದೆ. ಹೊರಗೆ ಮಳೆ, ಒಳಗೆ ಆ ಹಿರಿಯ ಹೆಂಗಸು ಫಿಲ್ಟರ್ ಕಾಫಿ ಹಿಡಿದು ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

"ಯಾರಿಗೆ ಅಪಾಯ ಇದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಡಾಕ್ಟ್ರೇ?"

"ಮುಖ ನೋಡಿದ್ರೆ ಗೊತ್ತಾಗುತ್ತಮ್ಮ."

"ಮುಖದಲ್ಲಿ ಏನು ನೋಡ್ತೀರಿ?"

"ಬಿಳಿಚಿಕೊಂಡಿರುತ್ತೆ."

"ಎಷ್ಟು ಬಿಳಿಚಿಕೊಂಡಿದ್ರೆ?"

"ಏನಮ್ಮಾ, ಪೇಂಟ್ ಅಂಗಡಿಯವರ ಥರ ಶೇಡ್ ಕಾರ್ಡ್ ಕೊಡ್ಲಾ ನಿಂಗೆ?"

ಫೋನಿನಲ್ಲಿ ಮುಖ ಕಾಣುವುದಿಲ್ಲ. ಹಾಗಾಗಿ ಮುಖವನ್ನು ಬಿಟ್ಟೆವು. ಬಿಡುವುದು ನಮಗೆ ಅಭ್ಯಾಸವಾಗತೊಡಗಿತ್ತು. ಆದರೆ ನಾನು ಹೇಳಹೊರಟಿರುವುದು ಬಿಟ್ಟದ್ದರ ಬಗ್ಗೆಯಲ್ಲ. ಬಿಟ್ಟದ್ದನ್ನು ಬಿಟ್ಟಿದ್ದೇವೆ ಎಂದು ಎಲ್ಲೂ ಹೇಳದೆ ಹೋದೆವಲ್ಲ, ಅದರ ಬಗ್ಗೆ. ಪ್ರತಿ ಪ್ರಶ್ನೆಗೂ ಹೌದು, ಇಲ್ಲ ಎಂಬ ಎರಡೇ ಉತ್ತರಗಳಿದ್ದವು. ನರ್ಸ್ ‘ಹೌದು’ ಒತ್ತದಿದ್ದರೆ ಯಂತ್ರ ಅದನ್ನು ‘ಇಲ್ಲ’ ಎಂದೇ ಓದುತ್ತಿತ್ತು. ಕೇಳದೇ ಇದ್ದ ಪ್ರಶ್ನೆಗೂ ಉತ್ತರ ‘ಇಲ್ಲ’. ಜ್ವರವಿದೆಯೇ ಎಂದು ಯಾರೂ ಕೇಳದಿದ್ದರೆ ಜ್ವರವಿಲ್ಲ.

ಮೂರನೆಯ ಉತ್ತರ ಬೇಕು, ‘ಗೊತ್ತಿಲ್ಲ’ ಎಂಬುದಕ್ಕೊಂದು ಜಾಗ ಬೇಕು ಎಂದು ನಾನು ಮೀಟಿಂಗಿನಲ್ಲಿ ಹೇಳಿದೆ. ನಿರಂಜನ್ ಕುರ್ಚಿ ಹಿಂದಕ್ಕೆ ವಾಲಿಸಿದರು.

"ಮೇಡಂ, ಬನಶಂಕರಿ ಬಸ್ ಸ್ಟ್ಯಾಂಡಲ್ಲಿ ಬೋರ್ಡ್ ನೋಡ್ತೀರಾ. ಅದ್ರಲ್ಲಿ ಒಂದು ಊರಿನ ಹೆಸರಿಲ್ಲ. ಅಂದ್ರೆ ಆ ಊರಿಗೆ ಬಸ್ಸಿಲ್ಲ. ಮುಗೀತು. ‘ಇದ್ರೂ ಇರಬಹುದು, ನಮಗೆ ಗೊತ್ತಿಲ್ಲ’ ಅಂತ ಯಾರಾದ್ರೂ ಬೋರ್ಡ್ ಹಾಕ್ತಾರಾ?"

ಎಲ್ಲರೂ ನಕ್ಕರು. "ಬೋರ್ಡ್ ಬರೆಯೋರಿಗೆ ಎಲ್ಲಾ ಬಸ್ಸೂ ಗೊತ್ತಿರುತ್ತೆ ಸರ್. ನಮಗೆ ಗೊತ್ತಿದೆಯಾ?" ಎಂದು ನಾನು ಮೇಜು ಕುಟ್ಟಿ ಕೇಳಿದೆ. ಕುಟ್ಟಿದೆನೇ? ನನ್ನ ನೆನಪಿನಲ್ಲಿ ಕುಟ್ಟಿದ್ದೇನೆ, ಕಾಫಿ ಕಪ್ಪು ಅಲ್ಲಾಡಿದ ಸದ್ದೂ ಇದೆ. ಆದರೆ ಅಲ್ಲಿ ನಮ್ಮ ಕಾಫಿ ಪೇಪರ್ ಲೋಟದಲ್ಲಿ ಬರುತ್ತಿತ್ತು. ಪೇಪರ್ ಲೋಟ ಸದ್ದು ಮಾಡುವುದಿಲ್ಲ. ಮಾತು ಆಡಿದ್ದು ನಿಜ, ಕುಟ್ಟಿದ್ದು ಬಹುಶಃ ನಾನು ಆಮೇಲೆ ಸೇರಿಸಿಕೊಂಡದ್ದು.

ನಿರಂಜನ್‌ಗೆ ವಿಷಯ ಅರ್ಥವಾಗದೆ ಇರಲಿಲ್ಲ. ನನ್ನ ಸಿಟ್ಟಿಗೆ ಅದೇ ಮೂಲ. ಅರ್ಥವಾಗದವರ ಮೇಲೆ ಯಾರೂ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವುದಿಲ್ಲ. ಅವರು ಹೊರಗೆ ಬಂದು ಮೆತ್ತಗೆ ಹೇಳಿದರು: "ಗೊತ್ತಿಲ್ಲ ಅಂದ್ರೆ ಹಳದಿ ಆಗ್ಬೇಕು. ಹಳದಿ ಅಂದ್ರೆ ನರ್ಸ್ ಮನೆಗೆ ಹೋಗ್ಬೇಕು. ಅರ್ಧ ಗೋಡೆ ಹಳದಿ ಆದ್ರೆ ಯಾರು ಕೊಂಡ್ಕೋತಾರೆ ಮೇಡಂ ಅದನ್ನ?"

ಫೋನ್ ಮಾಡುತ್ತಿದ್ದವಳು ಶಿವಲೀಲಾ. ಬಾಗಲಕೋಟೆ ಕಡೆಯವಳು, ನರ್ಸಿಂಗ್ ಓದಿ ಬಂದು ಬಿಟಿಎಂ ಬಡಾವಣೆಯಲ್ಲಿ ಇಬ್ಬರು ಗೆಳತಿಯರ ಜೊತೆ ಬಾಡಿಗೆಗೆ ಇದ್ದಳು. ಆಸ್ಪತ್ರೆ ಅವಳನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡು ನಮ್ಮ ಆಫೀಸಿನಲ್ಲಿ ಕೂರಿಸಿತ್ತು. ಊಟದ ಹೊತ್ತಿಗೆ ಡಬ್ಬಿಯಿಂದ ಖಡಕ್ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿ, "ತಿನ್ರೀ ಅಕ್ಕಾರ, ನಿಮ್ಮ ಮೆತ್ತನ್ ಚಪಾತಿಗೆ ಹಲ್ಲಿಗೆ ಕೆಲಸಾನ ಇಲ್ಲ" ಎನ್ನುತ್ತಿದ್ದಳು.

ಶ್ರಾವಣದಲ್ಲಿ ಚಿಕ್ಕಮ್ಮನ ಮಗಳು ಕಾವ್ಯಳಿಗೆ ಅದೇ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅವಳ ಹೆಸರೂ ನಮ್ಮ ಗೋಡೆಗೆ ಬಂತು. ಇಟ್ಟಮಡುವಿನ ತವರಿಗೆ ಬಂದ ಕಾವ್ಯಳನ್ನು ಚಿಕ್ಕಮ್ಮ ಒಳಕೋಣೆಯಲ್ಲಿ ಕೂರಿಸಿದರು. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕುಡಿಯಲು ಅಳೆದು ನೀರು, ಕಿಟಕಿ ಬಂದ್. ಅವಳ ಫೋನು ಬೀರುವಿನೊಳಗೆ ಹೋಯಿತು.

"ಬಾಣಂತಿ ಕಣ್ಣಿಗೆ ಆ ಬೆಳಕು ಬೀಳ್ಬಾರ್ದು ಕಣೇ ಸುಮಾ. ಆಮೇಲೆ ಜೀವಮಾನವೆಲ್ಲ ಕನ್ನಡಕ" ಎಂದರು ಚಿಕ್ಕಮ್ಮ. ಅಷ್ಟೇನೂ ಓದದವರಲ್ಲ, ಪತ್ರಿಕೆಯ ಆರೋಗ್ಯ ಪುಟ ಬಿಡದೆ ಓದುವವರು. ಓದಿ, ಬದಿಗಿಟ್ಟು, ತಮ್ಮ ಅಮ್ಮ ಮಾಡಿದ ಹಾಗೆ ಮಾಡುವವರು.

ಹೆಸರಿಡುವ ದಿನ ಹೋಗಿದ್ದೆ. ಕೋಣೆ ತುಂಬ ಹೆಂಗಸರು. ತೊಟ್ಟಿಲ ಪಕ್ಕದಲ್ಲಿ ಕಾವ್ಯ ಗೋಡೆಗೆ ಒರಗಿ ಕೂತಿದ್ದಳು. "ಎಷ್ಟು ಬೆಳ್ಳಗಾಗಿದಾಳೆ ನೋಡ್ರೀ! ಬಾಣಂತಿ ಕಳೆ ಅಂದ್ರೆ ಇದು" ಎಂದು ಯಾರೋ ಅಂದರು. ಇನ್ನೊಬ್ಬರು ದೃಷ್ಟಿ ತೆಗೆಯಿರಿ ಎಂದರು. ನಾನು ಕಾವ್ಯಳ ಕೈ ಹಿಡಿದು, "ಹೇಗಿದೀಯೇ?" ಎಂದೆ. "ಚೆನ್ನಾಗಿದೀನಕ್ಕ" ಎಂದಳು. ಕೈ ತಣ್ಣಗಿತ್ತೇ? ತಣ್ಣಗಿತ್ತು ಎಂದು ಬರೆಯಲು ಮನಸ್ಸು ಹಾತೊರೆಯುತ್ತದೆ. ಗೊತ್ತಿಲ್ಲ. ಬೆಳ್ಳಗಿದ್ದದ್ದು ಮಾತ್ರ ನಿಜ. ಫೋಟೋದಲ್ಲಿ ಇದೆ.

ಗಣೇಶನ ಹಬ್ಬ ಹತ್ತಿರ ಬಂದಿತ್ತು. ಆಫೀಸಿನ ಕೆಳಗಿನ ಫುಟ್‌ಪಾತಿನ ಮೇಲೆ ಮೂರ್ತಿಗಳನ್ನು ಪ್ಲಾಸ್ಟಿಕ್ ಹೊದಿಸಿ ಸಾಲಾಗಿ ಇಟ್ಟಿದ್ದರು. ಆ ಶುಕ್ರವಾರ ಆಸ್ಪತ್ರೆಯ ಆಡಳಿತದವರು ಗೋಡೆ ನೋಡಲು ಬರುವವರಿದ್ದರು. ಅದರ ಹಿಂದಿನ ದಿನ ಬೆಳಿಗ್ಗೆ ಕಾವ್ಯಳ ಸಾಲು ಹಸಿರಾಗಿರುವುದನ್ನು ನೋಡಿ, ಸುಮ್ಮನೆ ಮಾತಿಗೆಂದು ಶಿವಲೀಲಾಳನ್ನು ಕೇಳಿದೆ: "ನಮ್ಮ ಕಾವ್ಯ ಏನಂತಾಳೆ?"

"ಕಾವ್ಯಾ? ಆಕಿ ಧ್ವನಿ ನಾ ಇನ್ನೂ ಕೇಳೇ ಇಲ್ರೀ ಅಕ್ಕಾರ."

"ಮತ್ತೆ ಯಾರು ಮಾತಾಡೋದು?"

"ನಿಮ್ಮ ಕಾಕಾರು. ಅವರ ನಂಬರಲ್ಲ ಬರಸಿದ್ದು? ದಿನಾ ಅವರ ಎತ್ತತಾರ. ‘ಆರಾಮಾಗಿದಾಳಮ್ಮ, ನಿಂದು ತಿಂಡಿ ಆಯ್ತಾ’ ಅಂತ ನನಗ ಕೇಳತಾರ." ಶಿವಲೀಲಾ ನಗುತ್ತಿದ್ದಳು. "ಅವರಿಗೆ ನಾ ಏನ್ ಕೇಳ್ಲಿ? ಮಗಳು ಎಷ್ಟ್ ಸಲ ಬಟ್ಟಿ ಬದಲಿಸ್ಯಾಳ್ರಿ ಕಾಕಾ ಅಂತ ಕೇಳ್ಲೇನು?"

ನನಗೂ ನಗು ಬಂತು. ಬಸ್ ಕಂಡಕ್ಟರಾಗಿ ನಿವೃತ್ತರಾದ ಚಿಕ್ಕಪ್ಪ, ನಡುಮನೆಯಲ್ಲಿ ನಿಂತು ಸ್ಪೀಕರ್ ಹಾಕಿ, ಇಡೀ ಬೀದಿಗೆ ಕೇಳುವ ಹಾಗೆ ಫೋನಿನಲ್ಲಿ ಮಾತಾಡುವವರು. ಆ ಪ್ರಶ್ನೆಯನ್ನು ಕೇಳಿಸಿಕೊಂಡ ಚಿಕ್ಕಪ್ಪನ ಮುಖ ಕಣ್ಣ ಮುಂದೆ ಬಂತು. ನಗುತ್ತಿದ್ದವಳಿಗೆ ಗೋಡೆ ಕಂಡಿತು. ನಗು ನಿಂತಿತು.

"ಹಾಗಾದ್ರೆ ಕೇಳದೇ ಇರೋ ಪ್ರಶ್ನೆಗಳು?"

"ಖಾಲಿ ಬಿಡ್ತೀನ್ರಿ."

"ಇಂಥ ಮನೆ ಎಷ್ಟಿದಾವೆ?"

"ಭಾಳ ಅದಾವ. ಒಂದ್ ಕಡೆ ಅಪ್ಪ, ಒಂದ್ ಕಡೆ ಮಾವ, ಒಂದ್ ಕಡೆ ಗಂಡ. ಬಾಣಂತಿ ಕೈಗೆ ಫೋನ್ ಯಾರ್ ಕೊಡತಾರ್ರಿ? ನಿರಂಜನ್ ಸರ್‌ಗ ಹೇಳೀನಿ. ‘ಆ ಪ್ರಶ್ನೆ ಸ್ಕಿಪ್ ಮಾಡಿ ಮುಂದಕ್ಕ ಹೋಗ್ರಿ’ ಅಂದ್ರು."

ಇಲ್ಲಿಯ ಗಂಡಸರಿಗೆ ಹೆಂಗಸರ ವಿಷಯ ಕೇಳಲು ನಾಚಿಕೆ. ಹೆಂಗಸರಿಗೆ ಗಂಡಸರ ಎದುರು ಹೇಳಲು ನಾಚಿಕೆ. ನರ್ಸಿಗೆ ದೊಡ್ಡವರನ್ನು ಕೇಳಲು ಸಂಕೋಚ. ಮೂರು ಕಡೆಯ ಸಂಕೋಚ ಸೇರಿ ಒಂದು ಖಾಲಿ ಜಾಗವಾಗಿ, ಯಂತ್ರದೊಳಗೆ ಹೋಗಿ, ಆರೋಗ್ಯವಾಗಿ ಹೊರಗೆ ಬರುತ್ತಿತ್ತು.

ನಿರಂಜನ್ ಹತ್ತಿರ ಹೋದೆ. "ನಾಳೆ ಒಂದು ದಿನ ಮುಗೀಲಿ ಮೇಡಂ, ಸೋಮವಾರ ಕೂತು ಮಾತಾಡೋಣ" ಎಂದರು. ಮೆಟ್ಟಿಲ ಮೇಲೆ ನಿಂತು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಎಲ್ಲಾ ಸರಿ ಇದೆ ಕಣೇ. ಸ್ವಲ್ಪ ಜಾಸ್ತಿ ಹೋಗ್ತಿದೆ ಅಷ್ಟೆ. ಕೆಟ್ಟ ರಕ್ತ, ಹೋಗ್ಲಿ ಬಿಡು, ಒಳ್ಳೇದೇ."

"ಎಷ್ಟು ಜಾಸ್ತಿ ಚಿಕ್ಕಮ್ಮ?"

"ಮದ್ವೆ ಆಗದವಳು, ನಿಂಗ್ಯಾಕೆ ಅವೆಲ್ಲ?"

ಒಳಗೆ ಬಂದು ಶಿವಲೀಲಾಗೆ ಹೇಳಿದೆ. ಹೋಗೋಣ ಎಂದದ್ದು ನಾನು ಎಂದು ಇಷ್ಟು ದಿನ ನಂಬಿದ್ದೆ. ಇದನ್ನು ಬರೆಯುವ ಮೊದಲು ಅವಳಿಗೆ ಫೋನ್ ಮಾಡಿ ಕೇಳಿದೆ. "ಇಲ್ರೀ ಅಕ್ಕಾರ, ನೀವು ‘ಏನ್ ಮಾಡೋಣ, ಏನ್ ಮಾಡೋಣ’ ಅಂತಿದ್ರಿ. ನಾ ಬಿ.ಪಿ. ಮಷಿನ್ ಬ್ಯಾಗಿಗೆ ಹಾಕ್ಕೊಂಡು ಬಾಗಿಲದಾಗ ನಿಂತಿದ್ದೆ" ಎಂದಳು. ಅವಳು ಹೇಳಿದ್ದನ್ನೇ ನಂಬುತ್ತೇನೆ. ಒಂದು ಮಾತು ಮಾತ್ರ ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಸಾಲು ಹಳದಿಯಾಗದೆ ನರ್ಸ್ ಮನೆಗೆ ಹೋಗುವಂತಿರಲಿಲ್ಲ. ಹೋದರೆ ಅವಳ ಕೆಲಸಕ್ಕೆ ಕುತ್ತು.

ಆಟೋದಲ್ಲಿ ಇಟ್ಟಮಡು ತಲುಪಿದಾಗ ಮಧ್ಯಾಹ್ನ. ಬಾಗಿಲು ತೆಗೆದ ಚಿಕ್ಕಪ್ಪನಿಗೆ ಶಿವಲೀಲಾಳ ಧ್ವನಿಯಿಂದಲೇ ಗುರುತು ಸಿಕ್ಕಿ ಖುಷಿಯೋ ಖುಷಿ. "ಓಹೋ, ದಿನಾ ಫೋನ್ ಮಾಡೋ ಹುಡುಗಿ ನೀನೇನಾ! ಬಾರಮ್ಮ, ಬಾ."

"ಹೌದ್ರಿ ಕಾಕಾ. ಭಾಳ ದಣಿವಾಗೈತಿ. ಎರಡು ಎಳನೀರು ತಂದು ಕೊಡ್ತೀರೇನು?"

ಚಿಕ್ಕಪ್ಪ ಕೊಡೆ ಹಿಡಿದು ಮಳೆಯಲ್ಲಿ ಹೊರಟರು ಎಂದು ನನ್ನ ನೆನಪು. ಕಾವ್ಯ ಹೇಳುವ ಪ್ರಕಾರ ಅಂದು ಒಳ್ಳೆಯ ಬಿಸಿಲು, ಮಗುವಿನ ಬಟ್ಟೆಗಳು ತಾರಸಿಯ ಮೇಲೆ ಒಣಗುತ್ತಿದ್ದವು. ಇರಬಹುದು. ಆ ಕೋಣೆಗೆ ಮಳೆಯೂ ಬಿಸಿಲೂ ಒಂದೇ ಆಗಿತ್ತು. ಒಳಗೆ ಸಾಂಬ್ರಾಣಿ ಹೊಗೆ ದಟ್ಟವಾಗಿ ತುಂಬಿ, ಮೊದಲು ಮಂಚ ಕಂಡಿತು, ಆಮೇಲೆ ಅದರ ಮೇಲೆ ಕಾವ್ಯ. ಶಿವಲೀಲಾ ಹೋದವಳೇ ಕಿಟಕಿ ತೆಗೆದಳು. "ಅಯ್ಯೋ, ಗಾಳಿ!" ಎಂದು ಚಿಕ್ಕಮ್ಮ ಕೂಗಿದರು. ಶಿವಲೀಲಾ ಮಂಚದ ಮೇಲೆ ಕೂತು ಕಾವ್ಯಳ ಎರಡೂ ಕಿವಿಯಿಂದ ಹತ್ತಿ ತೆಗೆದಿಟ್ಟಳು.

"ಏನಾಗಾಕತ್ತೈತಿ ಹೇಳ್ ತಂಗಿ."

"ಪರವಾಗಿಲ್ಲ..."

"ಪರವಾಗಿಲ್ಲ ಅನ್ನೂದು ಬಿಟ್ಟು ಬ್ಯಾರೆ ಏನರ ಹೇಳು."

ಕಾವ್ಯ ಅಮ್ಮನ ಮುಖ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ ಬರುತ್ತದೆ. ಗಂಟೆಗೊಮ್ಮೆ ಬಟ್ಟೆ ಬದಲಾಯಿಸಬೇಕು. ಸಂಜೆಯಾದರೆ ಚಳಿ ಹತ್ತಿ ಮೈ ಸುಡುತ್ತದೆ. ವಾಸನೆಗೆ ತನಗೇ ಹೇಸಿಗೆಯಾಗುತ್ತದೆ.

"ಯಾಕೇ ಹೇಳ್ಲಿಲ್ಲ?" ಎಂದೆ ನಾನು.

"ಯಾರೂ ಕೇಳ್ಲಿಲ್ಲಕ್ಕ."

ಶಿವಲೀಲಾ ಅವಳ ಕೆಳರೆಪ್ಪೆ ಎಳೆದು ನೋಡಿದಳು. ಕೆಂಪಿರಬೇಕಾದ ಕಡೆ ಏನೂ ಇರಲಿಲ್ಲ. ಬಿ.ಪಿ. ನೋಡಿ, "ಅಕ್ಕಾರ, ಗಾಡಿ" ಎಂದಳು ಅಷ್ಟೆ. ಎಬ್ಬಿಸಿ ನಿಲ್ಲಿಸುವಾಗ ಕಾವ್ಯ ಅವಳ ಹೆಗಲ ಮೇಲೆ ಹಾಗೇ ಕುಸಿದಳು. ಚಿಕ್ಕಮ್ಮನ ಕೈಯಲ್ಲಿ ಮಗು, ಮಗುವಿನ ಬಾಯಲ್ಲಿ ಅಳು. ಗೇಟಿನ ಹತ್ತಿರ ಚಿಕ್ಕಪ್ಪ ಎಳನೀರಿನ ಚೀಲ ಹಿಡಿದು ನಿಂತಿದ್ದರು. ಆ ಚೀಲವನ್ನು ಹಿಡಿದೇ ಆಸ್ಪತ್ರೆಗೂ ಬಂದರು.

ಹೆರಿಗೆಯ ಮಾಸಿನ ಒಂದು ಚೂರು ಒಳಗೇ ಉಳಿದು ನಂಜಾಗಿತ್ತು. ರಕ್ತ ಕೊಟ್ಟರು, ಒಳಗೆ ಕರೆದೊಯ್ದರು. ದೊಡ್ಡ ಡಾಕ್ಟರ್ ಹೊರಗೆ ಬಂದು ಕೈಗವಸು ಕಳಚುತ್ತ, "ನಾಳೆ ಬಂದಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ" ಎಂದರು. ಕಾರಿಡಾರಿನಲ್ಲಿ ಚಿಕ್ಕಪ್ಪ ನನ್ನ ಪಕ್ಕ ಬಂದು ಕೂತರು.

"ಆ ಹುಡುಗಿ ನನ್ನ ಒಂದು ಮಾತು ಕೇಳಿದ್ರೆ ನಾನು ಹೇಳ್ತಿದ್ನಲ್ಲಮ್ಮ."

"ನಿಮ್ಮನ್ನ ಏನಂತ ಕೇಳೋದು ಚಿಕ್ಕಪ್ಪ?"

ಅವರು ಚೀಲದೊಳಗಿನ ಎಳನೀರನ್ನು ನೋಡುತ್ತ ಕೂತರು.

ಮಾರನೆಯ ಬೆಳಿಗ್ಗೆ, ಅಂದರೆ ಆ ಶುಕ್ರವಾರ, ನಾನು ಆಸ್ಪತ್ರೆಯಿಂದ ನೇರ ಆಫೀಸಿಗೆ ಹೋದೆ. ಗೋಡೆ ಬೆಳಗುತ್ತಿತ್ತು. ಕಾವ್ಯಳ ಸಾಲು ಹಸಿರು. ನಿನ್ನೆಯದಲ್ಲ, ಅಂದು ಬೆಳಗಿನದು. ಶಿವಲೀಲಾ ಬರುವ ಮೊದಲೇ ಬೇರೆ ಯಾರೋ ಫೋನ್ ಮಾಡಿದ್ದರು. ತೀವ್ರ ನಿಗಾ ಘಟಕದ ಹೊರಗೆ ಬೆಂಚಿನ ಮೇಲೆ ಕೂತಿದ್ದ ಚಿಕ್ಕಪ್ಪ, ದಿನದ ಅಭ್ಯಾಸದಂತೆ, "ಪರವಾಗಿಲ್ಲಮ್ಮ" ಎಂದಿದ್ದರು. ಆಸ್ಪತ್ರೆಯ ಒಳಗೆ ಅವಳ ಮೈಗೆ ಇನ್ನೊಬ್ಬರ ರಕ್ತ ಹೋಗುತ್ತಿತ್ತು. ಅದೇ ಆಸ್ಪತ್ರೆಗೆ ನಾವು ಕಟ್ಟಿದ ಗೋಡೆಯ ಮೇಲೆ ಅವಳು ಆರೋಗ್ಯವಾಗಿದ್ದಳು.



ಆಡಳಿತದವರು ಬಂದರು. ದೊಡ್ಡ ಡಾಕ್ಟರೂ ಬಂದರು, ಸಾಲು ನೋಡಿ ಅವರೇ ಕೇಳಿದರು, ಇವಳು ಹೇಗೆ ಹಸಿರು ಎಂದು. ನಿರಂಜನ್ ಆ ಪ್ರಶ್ನೆಗೆ ತಯಾರಾಗಿ ಬಂದಿದ್ದರು. ಅವರ ಧ್ವನಿಯಲ್ಲಿ ವಿಷಾದ ಇತ್ತು. "ಸಿಸ್ಟಂ ತನಗೆ ಕೊಟ್ಟ ಮಾಹಿತಿ ಪ್ರಕಾರ ಸರಿಯಾಗೇ ಕೆಲಸ ಮಾಡಿದೆ ಮೇಡಂ. ಕಾಲ್ ಮಾಡಿದ ಸಿಬ್ಬಂದಿ ಪ್ರಶ್ನೆಗಳನ್ನ ಕೇಳಿಲ್ಲ. ಪರ್ಮಿಷನ್ ಇಲ್ದೆ ಮನೆಗೂ ಹೋಗಿದಾರೆ. ಆ ಬಗ್ಗೆ ಕ್ರಮ ತಗೋತೀವಿ."

ಬಾಗಿಲ ಬಳಿ ನಿಂತಿದ್ದ ಶಿವಲೀಲಾ ಮುಂದೆ ಬಂದಳು. "ನಾ ಕೇಳಿಲ್ರೀ, ಖರೆ. ಕೇಳಾಕ ಆಗವಲ್ದು ಅಂತ ನಿಮಗ ಹೇಳೀನಿ. ಈಗ ಒಂದ್ ಹೇಳ್ರಿ ಸರ್. ನಾ ಕೇಳಿಲ್ಲ ಅಂತ ಬರಿಯಾಕ ನಿಮ್ಮ ಮಷಿನ್‌ದಾಗ ಜಾಗಾ ಎಲ್ಲೈತಿ?"

ನಿರಂಜನ್ ಅವಳ ಕಡೆ ನೋಡಲೂ ಇಲ್ಲ. "ನೀವು ನನಗೆ ಏನೂ ಹೇಳಿಲ್ಲ" ಎಂದರು.

ನನ್ನ ಬಳಿ ಅದೇ ವ್ಯವಸ್ಥೆಯ ಇನ್ನೊಂದು ಪ್ರತಿ ಇತ್ತು. ಮೂರನೆಯ ಉತ್ತರಕ್ಕೆ ಜಾಗ ಮಾಡಿ ನೋಡಲೆಂದು ಇಟ್ಟುಕೊಂಡದ್ದು. ಕೇಳದೆ ಬಿಟ್ಟ ಪ್ರಶ್ನೆ ಇರುವ ಸಾಲನ್ನು ಅದು ಯಾವ ಬಣ್ಣವೂ ಇಲ್ಲದೆ ಬಿಳಿಯಾಗಿ ತೋರಿಸುತ್ತಿತ್ತು. ಕಷ್ಟದ ಕೆಲಸವೇನಲ್ಲ, ದಶಕಗಳಿಂದ ಈ ವಿದ್ಯೆ ಬಲ್ಲವರಿಗೆಲ್ಲ ಗೊತ್ತಿರುವುದು. ನಾನು ಪರದೆಯ ತಂತಿಯನ್ನು ನಿರಂಜನ್ ಅವರ ಲ್ಯಾಪ್‌ಟಾಪಿನಿಂದ ಕಿತ್ತು ನನ್ನದಕ್ಕೆ ಹಾಕಿದೆ. ಅಂದು ಬೆಳಗಿನ ಅದೇ ಹೆಸರುಗಳು, ಅದೇ ಉತ್ತರಗಳು. ಒಂದೊಂದಾಗಿ ಹಸಿರು ಆರಿತು. ಮೇಲಿನಿಂದ ಕೆಳಗಿನವರೆಗೆ ಗೋಡೆ ಬಿಳಿಚಿಕೊಂಡಿತು. ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಉಳಿಯಿತು, ಅಷ್ಟೆ.

ದೊಡ್ಡ ಡಾಕ್ಟರ್ ಎದ್ದು ಗೋಡೆಯ ಹತ್ತಿರ ಹೋದರು. ಪೇಂಟ್ ಅಂಗಡಿಯ ಶೇಡ್ ಕಾರ್ಡ್ ಎಂದು ನಕ್ಕಿದ್ದವರು ಆ ಬಿಳಿಯನ್ನು ತುಂಬ ಹೊತ್ತು ನೋಡಿದರು.

"ಇಷ್ಟು ಜನರ ವಿಷಯ ನಮಗೆ ಗೊತ್ತೇ ಇಲ್ವಾ?"

ಆಮೇಲೆ ಅಲ್ಲಿಂದಲೇ ವಾರ್ಡಿಗೆ ಫೋನ್ ಮಾಡಿ, ಇದ್ದ ನರ್ಸುಗಳನ್ನೆಲ್ಲ ಮನೆಮನೆಗೆ ಕಳಿಸಲು ಹೇಳಿದರು. ಇವತ್ತೇ, ಈಗಲೇ ಎಂದರು. ಆ ಮನೆಗಳಲ್ಲಿ ಯಾರಿಗೆ ಏನಾಗಿತ್ತು, ಏನಾಗಿರಲಿಲ್ಲ ಎಂದು ನನಗೆ ಯಾರೂ ಹೇಳಲಿಲ್ಲ. ಗೊತ್ತಿಲ್ಲ.

ನಾನು ಲ್ಯಾಪ್‌ಟಾಪ್ ಮೇಜಿನ ಮೇಲೆ ಬಿಟ್ಟು, ಕೆಲಸವನ್ನೂ ಬಿಟ್ಟು ಕೆಳಗಿಳಿದೆ. ಕನ್ನಡಕದ ಅಂಗಡಿಯವರೆಗೆ ಶಿವಲೀಲಾ ಹಿಂದೆಯೇ ಬಂದಳು. ನಾನು ದೊಡ್ಡ ಮಾತುಗಳನ್ನು ಆಡುತ್ತಿದ್ದಿರಬೇಕು, ಇಂಥ ಜಾಗದಲ್ಲಿ ಒಂದು ನಿಮಿಷವೂ ಇರಬಾರದು ಎಂದೆಲ್ಲ. ಅವಳು ಕೇಳಿಸಿಕೊಂಡು, "ನಿಮಗ ಇಲ್ಲೇ ಮನಿ ಐತ್ರಿ ಅಕ್ಕಾರ. ನನಗ ಬಾಡಿಗಿ ಐತಿ" ಎಂದು ಮತ್ತೆ ಮೆಟ್ಟಿಲು ಹತ್ತಿದಳು. ತಿಂಗಳ ಕೊನೆಗೆ ಅವಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಕಾರಣ, ಅನುಮತಿಯಿಲ್ಲದ ಮನೆ ಭೇಟಿ. ನಾನು ಆಡಳಿತದವರಿಗೆ ಬರೆದೆ, ದೊಡ್ಡ ಡಾಕ್ಟರನ್ನು ಕಂಡು ಕೇಳಿದೆ. ಅವರು ಪ್ರಯತ್ನಿಸಿದರಂತೆ. ಒಂದು ಜೀವ ಉಳಿಸಿದ್ದಕ್ಕೆ ಕೆಲಸ ಹೋದ ನರ್ಸ್ ಆ ದೀಪಾವಳಿಯವರೆಗೆ ಬಿಟಿಎಂನ ಕೋಣೆಯಲ್ಲಿ ಕೂತು ಅರ್ಜಿ ಹಾಕುತ್ತಿದ್ದಳು. ಈಗ ಜಯನಗರದ ಒಂದು ಆಸ್ಪತ್ರೆಯ ವಾರ್ಡಿನಲ್ಲಿದ್ದಾಳೆ. ಫೋನಿನ ಕೆಲಸ ಮಾತ್ರ ಬೇಡ ಎಂದು ಹೇಳಿಯೇ ಸೇರಿದಳಂತೆ.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಸಿಟ್ಟು ಇಷ್ಟು ಹೊತ್ತಿಗೆ ಹಳತಾಗುತ್ತಿತ್ತೇನೋ. ಹೋದ ವರ್ಷ ಯಾರೋ ಒಂದು ವಿಡಿಯೋ ಕಳಿಸಿದರು. ವೇದಿಕೆಯ ಮೇಲೆ ನಿರಂಜನ್, ಹಿಂದೆ ದೊಡ್ಡ ಪರದೆ, ಪರದೆಯಲ್ಲಿ ಹಸಿರು, ಹಳದಿ, ಕೆಂಪು, ಜೊತೆಗೆ ಬಿಳಿ. "ನಮ್ಮ ಸಿಸ್ಟಂ ತನಗೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಒಪ್ಕೊಳ್ಳುತ್ತೆ. ಅಷ್ಟು ವಿನಯ ಅದಕ್ಕೆ ನಾವು ಕಲಿಸಿದೀವಿ" ಎಂದರು. ಚಪ್ಪಾಳೆ. ನಗು ಈಗಲೂ ಚೆನ್ನಾಗಿದೆ. ಯಂತ್ರಕ್ಕೆ ವಿನಯ ಕಲಿಸಿದ ಆ ಮನುಷ್ಯನಿಗೆ, "ನೀವು ನನಗೆ ಏನೂ ಹೇಳಿಲ್ಲ" ಎಂಬ ತನ್ನ ಮಾತು ಈಗ ನಿಜವೆಂದೇ ನೆನಪಿರಬಹುದು. ನೆನಪು ಹಾಗೆ ಮಾಡಬಲ್ಲದು. ನನಗೆ ಅದು ಗೊತ್ತು. ಗೊತ್ತಿದ್ದೂ ಕ್ಷಮಿಸಲು ಆಗುತ್ತಿಲ್ಲ.

ಮನೆಯವರ ಮೇಲೂ ಸಿಟ್ಟಿದೆ. ಹತ್ತಿ ಇಟ್ಟ ಕೈಗಳು, ಬೀರುವಿಗೆ ಹೋದ ಫೋನು, ಬೆಳ್ಳಗಾಗಿದ್ದಾಳೆ ಎಂಬ ಮೆಚ್ಚುಗೆ. ಕಂಪನಿ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಹೆಂಗಸು ಹೇಳದಿದ್ದರೆ ಏನೂ ಇಲ್ಲ ಎಂದು ತಿಳಿಯುವ ವಿದ್ಯೆ ನಮ್ಮ ಮನೆಗಳಲ್ಲಿ ಮೊದಲೇ ಇತ್ತು. ನಾವು ಅದಕ್ಕೆ ಕರೆಂಟು ಕೊಟ್ಟೆವು.

ಭಾನುವಾರ ಊಟಕ್ಕೆ ಕೂತಿದ್ದೆವು. ಕಾವ್ಯ ಬಡಿಸುತ್ತಿದ್ದಳು. ಅವಳ ಮಗಳು ಚಿನ್ನಿ ಹಪ್ಪಳ ಹಿಡಿದು ಓಡಿ ಬರುವಾಗ ಹೊಸಿಲು ಎಡವಿ ದಬಾರನೆ ಬಿದ್ದಳು. ಚಿಕ್ಕಮ್ಮ, ಚಿಕ್ಕಪ್ಪ ಒಟ್ಟಿಗೆ ಶುರು ಮಾಡಿದರು: "ಏನೂ ಆಗಿಲ್ಲ, ಏನೂ ಆಗಿಲ್ಲ! ಇರುವೆ ಸತ್ತೋಯ್ತು!"

ಕಾವ್ಯ ಸೌಟು ಕೆಳಗಿಟ್ಟಳು. "ಒಂದ್ನಿಮಿಷ ಸುಮ್ನಿರ್ತೀರಾ ಇಬ್ರೂ?" ಮಗಳ ಎದುರು ನೆಲದ ಮೇಲೆ ಕೂತಳು. "ಎಲ್ಲಿ ನೋವಾಯ್ತು? ನೀನೇ ಹೇಳು. ನಂಗೆ ಗೊತ್ತಿಲ್ಲ."

ಚಿನ್ನಿ ಅಳು ನಿಲ್ಲಿಸಿ ಯೋಚಿಸಿದಳು. ಮೊಣಕೈ ತೋರಿಸಿದಳು. ಅಲ್ಲ ಎಂದು ತಲೆಯಾಡಿಸಿ ಮಂಡಿ ತೋರಿಸಿದಳು. ಚಿಕ್ಕಪ್ಪನೂ ತುತ್ತು ಕೈಯಲ್ಲೇ ಹಿಡಿದು ಕಾಯುತ್ತಿದ್ದರು.

ಕಿಟಕಿಯಿಂದ ಎದುರು ಮನೆಯ ಹೊಗೆ ಇನ್ನೂ ಬರುತ್ತಿತ್ತು. ಊಟ ಮುಗಿದ ಮೇಲೆ ನಾನು ಕಾವ್ಯಳ ಮುಖ ನೋಡಿದೆ. ಅವಳು ಆಗಲೇ ಒಂದು ಡಬ್ಬಿಗೆ ಪಾಯಸ ಹಾಕುತ್ತಿದ್ದಳು. ಇಬ್ಬರೂ ರಸ್ತೆ ದಾಟಿ ಬೆಲ್ ಒತ್ತಿದೆವು. ಬನಿಯನ್ ತೊಟ್ಟ ಹಿರಿಯರೊಬ್ಬರು ಬಾಗಿಲು ತೆಗೆದರು. ಬಾಣಂತಿಯನ್ನು ನೋಡಬೇಕಿತ್ತು ಎಂದಳು ಕಾವ್ಯ.

"ಅವಳು ಚೆನ್ನಾಗಿದಾಳಮ್ಮ, ಏನೂ ತೊಂದ್ರೆ ಇಲ್ಲ" ಎಂದರು ಅವರು ನಗುತ್ತ, ಡಬ್ಬಿಗೆ ಕೈ ಚಾಚಿ.

ಕಾವ್ಯ ಡಬ್ಬಿ ಕೊಡಲಿಲ್ಲ. ಚಪ್ಪಲಿ ಬಿಟ್ಟಳು.

"ಸರಿ ಅಂಕಲ್. ಅವಳನ್ನೇ ಒಂದು ಮಾತು ಕೇಳಿ ಹೋಗ್ತೀವಿ."